ನೂರಹದಿನೆಂಟು ಮುಚ್ಚಳಗಳು

ಮಾರ್ಚ್ 3, ಸೋಮವಾರ

ಮತ್ತೆ ಶುರುವಾಯಿತು. ಬೆಳಿಗ್ಗೆ ಐದಕ್ಕೆ ರಸ್ತೆ, ಹತ್ತಕ್ಕೆ ಮನೆ, ಮಧ್ಯಾಹ್ನ ಕಚೇರಿ, ಸಂಜೆ ಪೂರ್ತಿ ಮೊಣಕಾಲು ನೋವು. ಇಪ್ಪತ್ತಾರು ರೇಸುಗಳಿಂದ ಇದೇ ಹಾಡು. ವರ್ಷದಲ್ಲಿ ಮೂರು ವಾರ ಮಾತ್ರ ನಾನು ಈ ನೋಟ್‌ಬುಕ್ ತೆರೆಯುವುದು. ಉಳಿದ ದಿನ ಬರೆಯುವಂಥದ್ದು ನನ್ನ ಬಾಳಿನಲ್ಲಿ ಏನಿದೆ, ಮಣ್ಣು!

ಇವತ್ತು ಒಂದರಿಂದ ಎಂಟರ ತನಕ ಮುಗಿಸಿದೆವು. ಇನ್ನು ನೂರಹತ್ತು. ನಮ್ಮೂರಿನ ರೇಸು ಮೈದಾನದಲ್ಲಿ ನಡೆಯುವುದಲ್ಲ, ಬೀದಿಯಲ್ಲೇ. ಬೇಕರಿ, ಬ್ಯಾಂಕು, ಶಾಲೆ, ಸೇತುವೆ ಸುತ್ತಿ ಬರುವ, ಮಿಕ್ಕ ದಿನ ಬಸ್ಸು ಓಡುವ ನಾಲ್ಕು ಕಿಲೋಮೀಟರ್. ಅದರಲ್ಲಿ ಮ್ಯಾನ್‌ಹೋಲ್ ಮುಚ್ಚಳಗಳು ನೂರಹದಿನೆಂಟು. ರೇಸಿನ ಕಾರಿನ ಹೊಟ್ಟೆಯ ಕೆಳಗಿನ ಗಾಳಿಗೆ ಎಂಥ ಸೆಳೆತವೆಂದರೆ, ಅರವತ್ತು ಕಿಲೋ ಕಬ್ಬಿಣ ಊಟದ ತಟ್ಟೆಯ ಹಾಗೆ ಎದ್ದು ಬರುತ್ತದೆ. ಅದಕ್ಕೇ ಒಂದೊಂದಕ್ಕೂ ನಾಲ್ಕು ಕಡೆ ಬೆಸುಗೆ. ಬೆಸೆಯುವವನು ಕಿಡಿ. ಇಪ್ಪತ್ತು ವರ್ಷದಿಂದ ನನ್ನ ಜೊತೆಗಿರುವ ವೆಲ್ಡರ್. ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಅವನು ಬೆಸೆದು ಪಕ್ಕಕ್ಕೆ ಸರಿದ ಮೇಲೆ ನಾನು ಸುತ್ತಿಗೆಯಿಂದ ಬಡಿದು ಕೇಳುತ್ತೇನೆ. ಗಟ್ಟಿಯಾಗಿದ್ದರೆ ಒಂದೇ ಚೊಕ್ಕ ದನಿ. ಒಂದು ಬೆಸುಗೆ ಹುಸಿಯಾಗಿದ್ದರೂ ದನಿಯ ಕೊನೆಯಲ್ಲಿ ಸಣ್ಣಗೆ ಗರಗರ. ನೂರಕ್ಕೆ ಹತ್ತಾರು ಹುಸಿಯಾಗುವುದು ಸಹಜ, ಚರಂಡಿಯ ತೇವಕ್ಕೆ ಯಾರ ಕೈಯೂ ನಿಲ್ಲದು. ಹುಸಿಯಾದದ್ದನ್ನು ಮತ್ತೆ ಬೆಸೆಯಬೇಕು. ಸರಿಯಿದ್ದರೆ ನಾಲ್ಕೂ ಬೆಸುಗೆಗಳ ಮೇಲೆ ಅಡ್ಡಲಾಗಿ ಹಳದಿ ಗೆರೆ ಎಳೆಯುತ್ತೇನೆ. ನನ್ನ ಹಳದಿ ಗೆರೆ ಬಿದ್ದರೆ ಮುಗಿಯಿತು, ಆಮೇಲೆ ಯಾರೂ ಕೇಳುವ ಹಾಗಿಲ್ಲ.

ಎಂಟರಲ್ಲಿ ಒಂದೂ ಹುಸಿಯಿಲ್ಲ. ಕಿಡಿಯ ಕೈ ವರ್ಷದಿಂದ ವರ್ಷಕ್ಕೆ ಪಳಗುತ್ತಿದೆ.

ಮಾರ್ಚ್ 5, ಬುಧವಾರ

ಹೊಸ ಎಂಜಿನಿಯರ್ ಮೇಡಂ ಬಂದಿದ್ದರು. ನನ್ನ ಮಗಳಿದ್ದಿದ್ದರೆ ಇಷ್ಟೇ ವಯಸ್ಸು. ಕಂಕುಳಲ್ಲಿ ಫೈಲು, ಕಾಲಲ್ಲಿ ಹೊಚ್ಚ ಹೊಸ ಬೂಟು.

"ಮೇಸ್ತ್ರಿಯವರೇ, ಮುಚ್ಚಳ ಎಳೆದು ನೋಡೋ ಜ್ಯಾಕ್ ತರಿಸಿದ್ದೀನಿ. ಕೊಕ್ಕೆ ಹಾಕಿ ಎಳೆದ್ರೆ ಎಷ್ಟು ಭಾರ ತಡೆಯುತ್ತೆ ಅಂತ ಮೀಟರ್ ತೋರಿಸುತ್ತೆ. ಈ ಸಲ ಅದನ್ನೂ ಮಾಡೋಣ್ವಾ?"

ಮೈ ಉರಿದುಹೋಯಿತು. "ಮೇಡಂ, ಒಂದು ಮುಚ್ಚಳಕ್ಕೆ ಕಾಲು ಗಂಟೆ ಹಿಡಿಯುತ್ತೆ ನಿಮ್ಮ ಜ್ಯಾಕು. ಇಪ್ಪತ್ತಾರು ವರ್ಷದಲ್ಲಿ ನಾನು ಪಾಸ್ ಮಾಡಿದ್ದು ಒಂದೇ ಒಂದು ಎದ್ದಿದ್ರೆ ತೋರಿಸಿ, ನಾಳೆಯಿಂದ ಬರೋದೇ ಇಲ್ಲ" ಎಂದೆ. ಪಾಪ, ಫೈಲು ಮುಚ್ಚಿದರು. ಹೋಗುವಾಗ ಏನೋ ಹೇಳಿದರು. ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಏನು ಕಷ್ಟವೋ, ಎಲ್ಲ ಹಲ್ಲಿನ ಸಂದಿಯಲ್ಲೇ.

ಕಿಡಿ ನೆಲ ನೋಡುತ್ತ ನಿಂತಿದ್ದ. ಅವನಾದರೂ ನನ್ನ ಪರವಾಗಿ ಒಂದು ಮಾತು ಆಡಬಹುದಿತ್ತು.

ಮಾರ್ಚ್ 8, ಶನಿವಾರ

ಸುಸ್ತು. ಹೆಂಡತಿಯ ತಮ್ಮ ಬಂದಿದ್ದ. ಅರ್ಧ ಗಂಟೆ ಬೆಲ್ ಒತ್ತಿದನಂತೆ. ಬೆಲ್ ಕೆಟ್ಟಿದೆ ಎಂದೆ. ಅವನು ಎದ್ದು ಹೋಗಿ ಒತ್ತಿ ಬಂದು, "ಚೆನ್ನಾಗೇ ಇದೆಯಲ್ಲ ಭಾವ" ಅಂದ. ಒಮ್ಮೊಮ್ಮೆ ಕೈಕೊಡುತ್ತದೆ, ಒಮ್ಮೊಮ್ಮೆ ಸರಿಯಾಗುತ್ತದೆ. ಹಳೆಯ ವೈರು.

ಒಲೆಯ ಮೇಲಿಟ್ಟ, ನೀರು ಕುದಿದರೆ ಸಿಳ್ಳೆ ಹಾಕುವ ಕೆಟಲ್ ಕೂಡ ಸುಟ್ಟುಹೋಯಿತು. ನಾನು ಪಕ್ಕದಲ್ಲೇ ಪೇಪರ್ ಓದುತ್ತಿದ್ದೆ. ಇವಳು ಓಡಿ ಬಂದು ಒಲೆ ಆರಿಸಿ, ಕೆಟಲ್ಲನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಈಚೆಗೆ ಇವಳಿಗೂ ಒಂದು ಚಾಳಿ ಬಂದಿದೆ, ಕರೆಯುವುದಿಲ್ಲ, ಬಂದು ಭುಜ ತಟ್ಟುತ್ತಾಳೆ. ಮೂವತ್ತೊಂದು ವರ್ಷ "ರೀ" ಅಂದವಳಿಗೆ ಈಗ ಅದೂ ಬೇಜಾರಾಗಿರಬೇಕು.

ಮಾರ್ಚ್ 11, ಮಂಗಳವಾರ

ಇದು ಐವತ್ತನೇ ರೇಸು. ಸ್ಮರಣ ಸಂಚಿಕೆಗೆ ಹಳೆಯ ನೆನಪು ಬರೆದುಕೊಡಿ ಎಂದಿದ್ದಾರೆ. ಇಲ್ಲೇ ಬರೆದು ನೋಡುತ್ತೇನೆ.

ಮೊದಲನೆಯ ರೇಸಿಗೆ ನನಗೆ ಎಂಟು ವರ್ಷ. ಬೇಕರಿಯ ಮುಂದೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಿದ್ದ. ಬೇಲಿ ಇಲ್ಲ, ಗೋಡೆ ಇಲ್ಲ, ತಿರುವಿನಲ್ಲಿ ನಾಲ್ಕು ಹುಲ್ಲಿನ ಹೊರೆ, ಅಷ್ಟೇ. ಜನ ಫುಟ್‌ಪಾತಿನ ಅಂಚಿನಲ್ಲಿ ಕೂತು ಕಾಲನ್ನು ರಸ್ತೆಗೇ ಚಾಚಿದ್ದರು. ಓಡಿಸುವವರೂ ಊರಿನವರೇ, ಗ್ಯಾರೇಜಿನವನು, ಹಲ್ಲಿನ ಡಾಕ್ಟರು. ಡಾಕ್ಟರು ಮೂರನೆಯವರಾಗಿ ಬಂದು, ಅದೇ ಕಾರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಮನೆಗೆ ಹೋದರು.

ಕಾರು ಕಾಣುವುದಕ್ಕೆ ಮೊದಲೇ ಕೇಳುತ್ತಿತ್ತು. ಬ್ಯಾಂಕಿನ ಹಿಂದೆ ಗೇರು ಇಳಿಸುವುದು, ಒಂದು ಕ್ಷಣ ಮೌನ, ಮತ್ತೆ ಎರಡು ಕಡೆಯ ಗೋಡೆಗಳ ನಡುವೆ ಆ ಆರ್ಭಟ ಉಕ್ಕಿ ಬರುವುದು. ಅಪ್ಪನ ಹೆಗಲು ನಡುಗಿದ್ದು ನನ್ನ ತೊಡೆಗೆ ಗೊತ್ತಾಯಿತು. ಅವತ್ತೇ ನಾನು ಕೆಟ್ಟೆ. ಮೈದಾನದ ರೇಸಿನಲ್ಲಿ ತಪ್ಪಿದರೆ ಹುಲ್ಲಿಗೆ ಇಳಿಯಬಹುದು. ಇಲ್ಲಿ ಗಾಲಿಗೂ ಗೋಡೆಗೂ ಒಂದು ಗೇಣು. ದಿನಾ ತರಕಾರಿ ತರುವ ಬೀದಿಯಲ್ಲಿ ಒಬ್ಬ ಮನುಷ್ಯ ಜೀವ ಕೈಯಲ್ಲಿ ಹಿಡಿದು ಹಾರಿಹೋಗುವುದನ್ನು ನೋಡಿದ ಮೇಲೆ ಆ ಬೀದಿ ಮೊದಲಿನ ಹಾಗೆ ಉಳಿಯುವುದಿಲ್ಲ.

ಇಪ್ಪತ್ತನಾಲ್ಕನೇ ರೇಸಿನಲ್ಲಿ ಶಾಲೆಯ ಮುಂದೆ ಮುಚ್ಚಳ ಎದ್ದಿತು. ಮುಂದಿನ ಕಾರು ಎಬ್ಬಿಸಿತು, ಹಿಂದಿನ ಕಾರಿಗೆ ಬಡಿಯಿತು. ಓಡಿಸುತ್ತಿದ್ದವನು ಇಪ್ಪತ್ತೆರಡು ವರ್ಷದವನು, ಅಲ್ಲೇ ಹೋದ. ನಾನಾಗ ರಸ್ತೆ ಕೂಲಿ. ಮುಚ್ಚಳವನ್ನು ಮತ್ತೆ ಕೂರಿಸಿದವರಲ್ಲಿ ನಾನೂ ಒಬ್ಬ. ಮೂರನೆಯ ದಿನ ಅವನ ತಾಯಿ ಬಂದು ಅದರ ಮೇಲೆ ಕೈಯಿಟ್ಟು, "ಇಷ್ಟು ಭಾರದ್ದು ಹೇಗಪ್ಪ ಹಾರುತ್ತೆ?" ಎಂದು ನನ್ನನ್ನೇ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಮರುವರ್ಷದಿಂದ ಬೆಸುಗೆ ಶುರುವಾಯಿತು, ಸುತ್ತಿಗೆ ನನ್ನ ಕೈಗೆ ಬಂತು.

ಇದನ್ನು ಸಂಚಿಕೆಗೆ ಕೊಡಲಾಗದು. ಡಾಕ್ಟರ ಕಥೆಯಷ್ಟೇ ಕೊಡುತ್ತೇನೆ. ಜೊತೆಗೆ, ಈಗಿನ ಕಾರುಗಳಿಗೆ ಆ ದನಿ ಎಲ್ಲಿದೆ ಎಂದೂ ಬರೆಯಬೇಕು. ಮೂರ್ನಾಲ್ಕು ವರ್ಷದಿಂದಂತೂ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ.

ಮಾರ್ಚ್ 13, ಗುರುವಾರ

ಐವತ್ತೆರಡು ಮುಚ್ಚಳ ಆಯಿತು. ಕಾಲು ನನ್ನವಲ್ಲ.

ಮಾರ್ಚ್ 16, ಭಾನುವಾರ

ಸೇತುವೆಯ ಕಡೆಯ ರಸ್ತೆ. ಅರವತ್ತೊಂದರಿಂದ ಎಂಬತ್ತನಾಲ್ಕು, ಒಂದೇ ಬೆಳಿಗ್ಗೆ ಇಪ್ಪತ್ತನಾಲ್ಕು. ಕಿಡಿಯ ತಾಯಿಗೆ ಕಣ್ಣಿನ ಆಪರೇಷನ್, ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕಂತೆ. ಕತ್ತಲಿರುವಾಗಲೇ ಬಂದು ಎಲ್ಲ ಬೆಸೆದು ಹೊರಟ. ಹೊರಟವನು ಮತ್ತೆ ವಾಪಸ್ ಬಂದ.

"ಅಣ್ಣಾ, ಇವತ್ತು ಬಡಿಯೋದು ಬೇಡ. ನಾಳೆ ನಾನಿದ್ದಾಗ ಬಡಿಯೋಣ."

"ಯಾಕೋ? ನೀನಿಲ್ಲದಿದ್ರೆ ಸುತ್ತಿಗೆ ಮೇಲೇಳಲ್ವಾ?"

"ಹಾಗಲ್ಲ ಅಣ್ಣಾ... ಹುಸಿ ಸಿಕ್ಕಿದ್ರೆ ಬೆಸೆಯೋರು ಬೇಕಲ್ಲ."

"ನಾಳೆ ಇದು ಬಸ್ಸಿಗೆ ಬಿಡ್ತಾರೆ. ಹುಸಿ ಸಿಕ್ಕಿದ್ರೆ ಬರೆದಿಡ್ತೀನಿ. ನೀನು ನಿನ್ನಮ್ಮನ್ನ ನೋಡ್ಕೋ ಹೋಗು."

ಹೋದ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಈ ವಯಸ್ಸಿನಲ್ಲಿ ನನಗೆ ಕಾವಲು ಬೇಕೆ? ಒಬ್ಬನೇ ಬಡಿದೆ. ಇಪ್ಪತ್ತನಾಲ್ಕೂ ಪಾಸ್. ಒಂದೂ ಹುಸಿಯಿಲ್ಲ.

ಮಾರ್ಚ್ 19, ಬುಧವಾರ

ನೂರಹದಿನೆಂಟು. ಮುಗಿಯಿತು. ಇವಳು ಬಿಸಿನೀರಿನಲ್ಲಿ ಕಾಲಿಡಲು ಹೇಳಿದಳು. ಇಟ್ಟುಕೊಂಡೇ ನಿದ್ದೆಹೋದೆನಂತೆ, ನೀರು ತಣ್ಣಗಾಗಿತ್ತು.

ಮಾರ್ಚ್ 21, ಶುಕ್ರವಾರ

ಅಕ್ಷರ ಹೇಗಾದರೂ ಬರಲಿ.

ಮೊದಲ ಅಭ್ಯಾಸ ಓಟ ಮಧ್ಯಾಹ್ನ ಎರಡಕ್ಕೆ. ನಾನು ಸೇತುವೆಯ ಬೇಲಿಯ ಹಿಂದೆ ನಿಂತಿದ್ದೆ. ಅಕ್ಕಪಕ್ಕದವರೆಲ್ಲ ಕಿವಿಗೆ ದೊಡ್ಡ ದೊಡ್ಡ ಮುಚ್ಚಿಗೆ ಹಾಕಿಕೊಂಡಿದ್ದರು, ಇಲ್ಲದವರು ಬೆರಳಿಟ್ಟುಕೊಂಡಿದ್ದರು. ಶೋಕಿ ಎಂದುಕೊಂಡೆ. ಎಂಟನೇ ಸುತ್ತಿನಲ್ಲಿ ಕೆಂಪು ಕಾರು ಸೇತುವೆಯ ನೇರಕ್ಕೆ ಬಂತು. ಅದರ ಹಿಂದೆ ರಸ್ತೆಯಿಂದ ಏನೋ ಕಪ್ಪಗೆ ಎದ್ದಿತು. ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದಿನಿಂದ ಬಂದ ಬಿಳಿ ಕಾರು ಅದರ ಮೇಲೇ ಹರಿದು, ತಳ ಸೀಳಿಕೊಂಡು, ಗೋಡೆ ಉಜ್ಜುತ್ತ ಇನ್ನೂರು ಮೀಟರ್ ಹೋಗಿ ನಿಂತಿತು.

ಓಡಿಸುತ್ತಿದ್ದ ಹುಡುಗಿ ತಾನೇ ಎದ್ದು ಬಂದಳು. ಎರಡು ಪಕ್ಕೆಲುಬು ಮುರಿದಿವೆಯಂತೆ. ಇನ್ನೊಂದು ಅಡಿ ಎತ್ತರಕ್ಕೆ ಎದ್ದಿದ್ದರೆ ತಲೆಗೇ ಬಡಿಯುತ್ತಿತ್ತು.

ಅರವತ್ತೇಳನೇ ಮುಚ್ಚಳ. ನಾಲ್ಕರಲ್ಲಿ ಎರಡು ಬೆಸುಗೆ ಹುಸಿ.

ಕಚೇರಿಯಲ್ಲಿ ಹತ್ತು ಜನ ಸುತ್ತ ಕೂತು ಕೇಳಿದರು. ಎಂಜಿನಿಯರ್ ಮೇಡಂ ನನ್ನೆದುರಿಗೇ ಬಂದು ನಿಂತು, "ಮೇಸ್ತ್ರಿಯವರೇ, ನೀವು ಬಡಿದಾಗ ಹೇಗಿತ್ತು?" ಎಂದರು.

"ಗಟ್ಟಿಯಾಗಿತ್ತು" ಎಂದೆ. ನಿಜವನ್ನೇ ಹೇಳಿದೆ. ಗರಗರ ಇರಲಿಲ್ಲ.

ಹಾಗಾದರೆ ತಪ್ಪು ಬೆಸುಗೆಯದ್ದೇ ಎಂದು ತೀರ್ಮಾನವಾಯಿತು. ವಿಚಾರಣೆ ಮುಗಿಯುವ ತನಕ ಕಿಡಿ ಟ್ರ್ಯಾಕಿಗೆ ಕಾಲಿಡುವಂತಿಲ್ಲ. ಕುತ್ತಿಗೆಯಲ್ಲಿದ್ದ ಪಾಸು ಕಿತ್ತುಕೊಂಡರು. ಅವನು ಒಂದೇ ಒಂದು ಮಾತು ಆಡಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅವಸರದಲ್ಲಿ ಬೆಸೆದದ್ದು ಅವನ ತಪ್ಪು ತಾನೇ? ಆಸ್ಪತ್ರೆಯ ಗಡಿಬಿಡಿ. ನಾನೇನು ಮಾಡಲಿ?

ಮಾರ್ಚ್ 22, ಶನಿವಾರ

ಇವತ್ತಿನದನ್ನು ಪೂರ್ತಿ ಬರೆಯದೆ ಮಲಗುವುದಿಲ್ಲ.

ಬೆಳಿಗ್ಗೆ ಒಬ್ಬ ಬದಲಿ ವೆಲ್ಡರನ್ನು ಜೊತೆ ಮಾಡಿ, ಎಲ್ಲ ಮುಚ್ಚಳಗಳ ಮೇಲೂ ಒಮ್ಮೆ ಕಣ್ಣಾಡಿಸಿ ಬನ್ನಿ ಎಂದು ಕಳಿಸಿದರು. ಸಂಜೆ ನಾಲ್ಕಕ್ಕೆ ಅರ್ಹತಾ ಓಟ. ಬದಲಿಯವನು ಐದನೇ ಮುಚ್ಚಳದ ಮುಂದೆ ಕುಕ್ಕರಗಾಲಲ್ಲಿ ಕೂತು, ನನ್ನ ಕಡೆ ಮುಖ ಎತ್ತಿ ಕೇಳಿದ.

"ಯಜಮಾನ್ರೇ, ನೀವು ಬಣ್ಣ ಹಚ್ಚಿ ಆಮೇಲೆ ಬೆಸೆಯೋದಾ?"

"ತಲೆ ಕೆಟ್ಟಿದೆಯೇನಯ್ಯ? ಬೆಸೆದ ಮೇಲೇ ಬಣ್ಣ."

"ಮತ್ತೆ ಇದು ಸುಟ್ಟಿದೆಯಲ್ಲ."

ಕೂತು ನೋಡಿದೆ. ನನ್ನ ಹಳದಿ ಗೆರೆ ಕಂದಾಗಿ ಗುಳ್ಳೆಯೆದ್ದಿತ್ತು. ಅದರ ಮೇಲೆ ಹೊಸ ಬೆಸುಗೆ. ನಾನು ಪಾಸ್ ಮಾಡಿ ಮುಂದೆ ಹೋದ ಮೇಲೆ ಯಾರೋ ಮತ್ತೆ ಬೆಸೆದಿದ್ದಾರೆ. ಹನ್ನೊಂದರಲ್ಲೂ ಹಾಗೆಯೇ. ಹತ್ತೊಂಬತ್ತು, ಇಪ್ಪತ್ತಾರು... ಒಟ್ಟು ಹದಿನೇಳು. ಅರವತ್ತೊಂದರಿಂದ ಎಂಬತ್ತನಾಲ್ಕರ ನಡುವೆ ಮಾತ್ರ ಒಂದೂ ಸುಟ್ಟಿಲ್ಲ. ಅವತ್ತು ಕಿಡಿ ನನ್ನ ಹಿಂದೆ ಇರಲಿಲ್ಲ.

ಸುತ್ತಿಗೆ ತೆಗೆದು ಅಲ್ಲೇ ಬಡಿದೆ. ಚೊಕ್ಕ ದನಿ. ಬದಲಿಯವನಿಗೆ, "ಬೇಲಿ ಪಕ್ಕದ ಆ ಸಡಿಲ ಮುಚ್ಚಳಕ್ಕೆ ಬಡಿ" ಎಂದೆ. ಅದು ಟ್ರ್ಯಾಕಿನ ಆಚೆಯದು, ಬೆಸೆದೇ ಇಲ್ಲ. ಅವನು ಬಡಿದು, ಕರ್ಕಶ ದನಿ ಕಿವಿಗೆ ಹೊಡೆದವನ ಹಾಗೆ ಹಲ್ಲು ಕಚ್ಚಿ ಮುಖ ಹಿಂಡಿದ. ನನಗೆ ಅದೂ ಚೊಕ್ಕ ದನಿಯೇ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಕಿಡಿಯ ಮನೆಗೆ ಹೋದೆ. ಅಮ್ಮನ ಕಣ್ಣಿಗೆ ಔಷಧಿ ಹಾಕುತ್ತಿದ್ದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ.

"ಎಷ್ಟು ದಿನದಿಂದ?" ಎಂದೆ.

"ಮೂರು ವರ್ಷ ಆಯ್ತು ಅಣ್ಣಾ. ಮೊದಲು ಒಂದೆರಡು ತಪ್ತಿತ್ತು. ಈಗ ಒಂದೂ ಗೊತ್ತಾಗಲ್ಲ ನಿಂಗೆ."

"ನಿನ್ನೆ ಯಾಕೆ ಬಾಯಿ ಬಿಡಲಿಲ್ಲ? ನಿನ್ನ ಅನ್ನಕ್ಕೇ ಕಲ್ಲು ಬಿತ್ತಲ್ಲೋ!"

"ಹತ್ತು ಜನರ ಮುಂದೆ ನಿನ್ನ ಕಿವಿ ಹೋಗಿದೆ ಅನ್ಲಾ? ನಂಗೆ ಕೆಲಸ ಕೊಡ್ಸಿದೋನು ನೀನು."

"ನನಗಾದ್ರೂ ಹೇಳಬಾರದಿತ್ತೇನೋ ಪಾಪಿ?"

ಅವನು ನನ್ನ ಮುಖವನ್ನೇ ನೋಡುತ್ತ, ನಿಧಾನಕ್ಕೆ, ತುಟಿ ಬಿಡಿಸಿ ಹೇಳಿದ.

"ಹೇಳ್ದೆ ಅಣ್ಣಾ. ಎಷ್ಟೋ ಸಲ ಹೇಳ್ದೆ. ಮುಖ ನೋಡ್ಕೊಂಡು ಹೇಳೋ ಧೈರ್ಯ ಇರ್ಲಿಲ್ಲ. ನಿನ್ನ ಹಿಂದೆ ನಿಂತ್ಕೊಂಡು ಹೇಳ್ದೆ. ಕೇಳಿಸಿಕೊಂಡ್ರೆ ಬೈತಾನೆ, ಬೈದ್ರೆ ಕಿವಿ ಸರಿಯಿದೆ ಅಂತಾಯ್ತು, ಅಂತ. ನೀನು ಒಂದು ಸಲಾನೂ ತಿರುಗಿ ನೋಡ್ಲಿಲ್ಲ."

ಆ ಮೆಟ್ಟಿಲ ಮೇಲೆ ಅತ್ತುಬಿಟ್ಟೆ. ಐವತ್ತೇಳು ವರ್ಷದವನು, ಬೀದಿಯ ಮಗ್ಗುಲಲ್ಲಿ. ನಾಚಿಕೆಯೂ ಆಗಲಿಲ್ಲ.

ಕಚೇರಿಗೆ ಹೋದಾಗ ಮೂರೂ ಕಾಲು. ಪ್ರೇಕ್ಷಕರ ಸ್ಟ್ಯಾಂಡುಗಳಲ್ಲಿ ಜನ ತುಂಬಿಹೋಗಿದ್ದರು, ಕಾರುಗಳು ಸಾಲಾಗಿ ನಿಂತಿದ್ದವು. ಬಾಗಿಲಲ್ಲಿ ಒಂದು ಕ್ಷಣ ನಿಂತೆ. ಸುಳ್ಳೇಕೆ ಬರೆಯಲಿ, ವಾಪಸ್ ಹೋಗಿಬಿಡೋಣ ಅನ್ನಿಸಿತು. ಉಳಿದವು ಗಟ್ಟಿಯೇ ಇರಬಹುದು, ಯಾರಿಗೆ ಗೊತ್ತು. ಆದರೆ ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿತ್ತು. ಆ ತಾಯಿ ಇವತ್ತು ಬಂದು ಕೇಳಿದರೆ, ಅದು ಹೇಗೆ ಹಾರುತ್ತದೆ ಎಂದು ನಾನು ಹೇಳಬಲ್ಲೆ.

ಒಳಗೆ ಹೋಗಿ ಎಂಜಿನಿಯರ್ ಮೇಡಂಗೆ ಹೇಳಿದೆ. "ಓಟ ನಿಲ್ಲಿಸಿ. ನನ್ನ ಹಳದಿ ಗೆರೆ ನಂಬಬೇಡಿ. ನನಗೆ ಕಿವಿ ಕೇಳಲ್ಲ. ಕಿಡಿಯದ್ದೇನೂ ತಪ್ಪಿಲ್ಲ. ನಿಮ್ಮ ಜ್ಯಾಕು ತನ್ನಿ."

ರೇಸಿನ ಮುಖ್ಯಸ್ಥರು ಬಾಯಿಗೆ ಬಂದಂತೆ ಬೈದರು. ಬಾಯಿಯ ಆಕಾರದಿಂದಲೇ ಗೊತ್ತಾಗುತ್ತಿತ್ತು, ಪೂರ್ತಿ ಕೇಳಿಸದಿದ್ದದ್ದು ಒಂದು ಲಾಭ. ಮೇಡಂ ಮಾತ್ರ ಬೈಯಲಿಲ್ಲ. ನನ್ನ ಪಾಸು ಕೇಳಿದರು, ಕೊಟ್ಟೆ. ಕಿಡಿಯನ್ನು ಕರೆಸಿದರು. ಅರ್ಹತಾ ಓಟ ನಾಳೆ ಬೆಳಿಗ್ಗೆಗೆ ಹೋಯಿತು. ಜನ ಸ್ಟ್ಯಾಂಡಿನಿಂದ ಇಳಿಯುವಾಗ ಖಾಲಿ ಬಾಟಲಿ ಎಸೆಯುತ್ತಿದ್ದರು. ನಾಲ್ಕು ಜ್ಯಾಕು, ನಾಲ್ಕು ತಂಡ. ಸೇತುವೆಯ ಕಡೆಯಿಂದಲೇ ಶುರುಮಾಡಿದರು, ಕತ್ತಲಾಗುವ ಮೊದಲು ಅಲ್ಲಿನ ಫಲಿತಾಂಶ ಬಂತು. ಅರವತ್ತಮೂರು, ಎಪ್ಪತ್ತೆರಡು, ಎಂಬತ್ತು. ಮೂರೂ ಕೊಕ್ಕೆಗೆ ಎದ್ದು ಬಂದವಂತೆ. ಎಂಬತ್ತನೆಯದು ಎಲ್ಲಕ್ಕಿಂತ ವೇಗದ ಜಾಗ. ಮಿಕ್ಕವನ್ನು ರಾತ್ರಿಯೆಲ್ಲ ಎಳೆದು ನೋಡುತ್ತಾರಂತೆ, ಹುಸಿಯಾದದ್ದನ್ನು ಕಿಡಿ ಹಿಂದೆಯೇ ಬೆಸೆಯುತ್ತಾನಂತೆ.

ಮನೆಗೆ ಬಂದು ಇವಳಿಗೆ ಹೇಳಿದೆ. "ನನಗೆ ಕಿವಿ ಕೇಳಲ್ಲ ಕಣೇ."

ಇವಳು ಎದುರಿಗೆ ಬಂದು ಕೂತು, ನನ್ನ ಎರಡೂ ಕೈ ಹಿಡಿದುಕೊಂಡಳು. "ಗೊತ್ತಿಲ್ದೆ ಏನ್ರೀ? ನಿಮಗೆ ಯಾವಾಗ ಗೊತ್ತಾಗುತ್ತೋ ಅಂತ ಕಾಯ್ತಿದ್ದೆ."

ಮಾರ್ಚ್ 23, ಭಾನುವಾರ

ಟಿಕೆಟ್ ತೆಗೆದುಕೊಂಡು ಇವಳ ಜೊತೆ ಬೇಕರಿಯ ಮುಂದಿನ ಬೇಲಿಗೆ ಹೋದೆ. ತಂತಿಗೆ ಬೆರಳು ಸಿಕ್ಕಿಸಿ ನಿಂತೆ. ಕಾರು ಬ್ಯಾಂಕಿನ ಹಿಂದೆ ಇರುವಾಗಲೇ ತಂತಿ ನಡುಗುತ್ತಿತ್ತು, ನಡುಕ ಹಲ್ಲಿನ ತನಕ ಬರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ರೇಸಿಗೆ ಬಾರದಿದ್ದ ಇವಳು ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪಾಗಿಸಿಕೊಂಡಳು. ಯಾರು ಗೆದ್ದರೋ ನನಗೆ ನೆನಪಿಲ್ಲ. ಪ್ರತಿ ಸುತ್ತಿಗೂ ನೂರಹದಿನೆಂಟು ಎಣಿಸಿ ಸಾಕಾಯಿತು. ಒಂದೂ ಏಳಲಿಲ್ಲ.

ಮಾರ್ಚ್ 24, ಸೋಮವಾರ

ರೇಸಿನ ಮರುದಿನ ಬೆಸುಗೆಗಳನ್ನೆಲ್ಲ ಕತ್ತರಿಸಬೇಕು, ಇಲ್ಲದಿದ್ದರೆ ಚರಂಡಿಯವರು ಇಳಿಯಲಾರರು. ನನ್ನನ್ನು ಯಾರೂ ಕರೆದಿರಲಿಲ್ಲ. ಇನ್ನು ಕರೆಯುವುದೂ ಇಲ್ಲ, ಮೇಡಂ ಉಗ್ರಾಣದಲ್ಲಿ ಕೂರುವ ಕೆಲಸ ಹೇಳಿದ್ದಾರೆ. ಆದರೂ ಐದಕ್ಕೇ ಎಚ್ಚರವಾಯಿತು, ಹೋದೆ. ರಸ್ತೆ ಈಗ ಎಲ್ಲರದ್ದು, ಪಾಸು ಬೇಡ.

ಕಿಡಿ ಶಾಲೆಯ ಮುಂದೆ ಕತ್ತರಿಸುತ್ತಿದ್ದ. ನನ್ನನ್ನು ನೋಡಿ ಕನ್ನಡಕ ಮೇಲಕ್ಕೆತ್ತಿದ. ಅವನಿಗೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ.

"ಸುಮ್ಮನೆ ನಿಂತಿದ್ದೀಯಲ್ಲ, ಆ ಹಾರೆ ಹಿಡಿ" ಅಂದ.

ಹಿಡಿದೆ. ಹತ್ತರ ತನಕ ಅವನು ಕತ್ತರಿಸಿದ, ನಾನು ಮುಚ್ಚಳ ಮೀಟಿ ಸಡಿಲ ಮಾಡಿದೆ. ಸೊಂಟ ಬಿದ್ದುಹೋಯಿತು. ಸಾಮಾನು ಗಾಡಿಗೆ ಹಾಕಿ ಮನೆಗೆ ಹೊರಟೆವು. ನಾನು ಮುಂದೆ, ಅವನು ಸಿಲಿಂಡರಿನ ಗಾಡಿ ತಳ್ಳಿಕೊಂಡು ಹಿಂದೆ. ಬೀದಿ ತುಂಬ ಬಸ್ಸು, ಸೈಕಲ್, ಶಾಲೆಯ ಮಕ್ಕಳು. ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದೆ.

ಅವನು ಏನೋ ಹೇಳುತ್ತಿದ್ದ. ನಾನು ನಿಂತುಕೊಂಡೆ.